ಈಟಿಯ ಸಮುರಾಯ್, ಕತ್ತಿಯ ಸಮುರಾಯ್: ತೂಕ ತಪ್ಪುವುದು ಎಲ್ಲಿ?

ಪ್ರಶ್ನೆ: ಸೆಂಗೊಕು ಕಾಲದ, ಅಂದರೆ 15-16ನೆಯ ಶತಮಾನದ ಅಂತರ್ಯುದ್ಧಗಳ ಕಾಲದ ಜಪಾನನ್ನು ಆಧರಿಸಿ ನಾವಿಬ್ಬರು ಗೆಳೆಯರು ಒಂದು ಸಣ್ಣ ಯುದ್ಧತಂತ್ರದ ಗೇಮ್ ತಯಾರಿಸುತ್ತಿದ್ದೇವೆ. ಅದರಲ್ಲಿ ಈಟಿ ಸಮುರಾಯ್ ಮತ್ತು ಕತ್ತಿ ಸಮುರಾಯ್ ಎಂಬ ಎರಡು ಕಾಲಾಳು ದಳಗಳಿದ್ದು, ಎರಡಕ್ಕೂ ಒಂದೇ ಬೆಲೆ ಇಟ್ಟಿದ್ದೇವೆ. ಈಟಿಯ ದಾಳಿ ಅಂಕವನ್ನು ಸ್ವಲ್ಪ ಏರಿಸಿದರೆ ಕತ್ತಿಯ ದಳವನ್ನು ಯಾರೂ ಕೊಳ್ಳುವುದಿಲ್ಲ. ಇಳಿಸಿದರೆ ಈಟಿಯ ದಳವನ್ನು ಯಾರೂ ಮುಟ್ಟುವುದಿಲ್ಲ. ಇತಿಹಾಸದಲ್ಲಿ ಈಟಿಯೇ ಮುಖ್ಯ ಆಯುಧವಾಗಿತ್ತೆಂದು ಓದಿದ್ದೇವೆ. ಇತಿಹಾಸಕ್ಕೆ ಅಪಚಾರವಾಗದಂತೆ, ಆಟವೂ ಕೆಡದಂತೆ ಇವೆರಡನ್ನು ಸರಿದೂಗಿಸುವುದು ಹೇಗೆ?

ಉತ್ತರ: ರೋಗದ ಲಕ್ಷಣವನ್ನು ನೀವೇ ಸ್ಪಷ್ಟವಾಗಿ ಬರೆದಿದ್ದೀರಿ. ಒಂದೆರಡು ಅಂಕ ಏರಿಸಿದಾಗ ಎಲ್ಲರೂ ಈಟಿಯ ಕಡೆಗೆ, ಇಳಿಸಿದಾಗ ಎಲ್ಲರೂ ಕತ್ತಿಯ ಕಡೆಗೆ ವಾಲುತ್ತಾರೆಂದರೆ, ನಿಮ್ಮ ಆಟದಲ್ಲಿ ಆ ಎರಡೂ ದಳಗಳು ಮಾಡುತ್ತಿರುವುದು ಒಂದೇ ಕೆಲಸ ಎಂದರ್ಥ: ನಡೆದುಹೋಗಿ ಎದುರು ಸಿಕ್ಕವನನ್ನು ಹೊಡೆಯುವುದು. ಒಂದೇ ಕೆಲಸಕ್ಕೆ ಒಂದೇ ಬೆಲೆಯ ಎರಡು ಸಲಕರಣೆಗಳನ್ನು ಅಂಗಡಿಯಲ್ಲಿಟ್ಟರೆ ಜನ ಹೆಚ್ಚು ಹರಿತವಾದದ್ದನ್ನೇ ಕೊಳ್ಳುತ್ತಾರೆ. ಎರಡನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸಮ ಮಾಡಿದರೆ ಆಯ್ಕೆ ಎಂಬುದಕ್ಕೇ ಅರ್ಥ ಉಳಿಯುವುದಿಲ್ಲ. ಹಾಗಾಗಿ ದಾಳಿ ಅಂಕವನ್ನು ಸದ್ಯಕ್ಕೆ ಹಾಗೆಯೇ ಬಿಟ್ಟು, ಈ ಎರಡು ಆಯುಧಗಳು ರಣರಂಗದಲ್ಲಿ ಯಾವ ಹೊತ್ತಿಗೆ, ಯಾವ ಸ್ಥಿತಿಯಲ್ಲಿ ಕೆಲಸಕ್ಕೆ ಬರುತ್ತಿದ್ದವು ಎಂಬುದನ್ನು ನೋಡೋಣ. ಇತಿಹಾಸ ಇಲ್ಲಿ ಬರಿಯ ಅಲಂಕಾರವಲ್ಲ, ಉತ್ತರದ ಅರ್ಧಭಾಗ ಅದರಲ್ಲೇ ಇದೆ.

ಎಚಿಗೊ ಪ್ರಾಂತ್ಯದ ಒಡೆಯ ಉಯೆಸುಗಿ ಕೆನ್‌ಶಿನ್ 1575ರಲ್ಲಿ ತನ್ನ ಸಾಮಂತರು ಎಷ್ಟೆಷ್ಟು ಜನರನ್ನು ಯಾವ ಆಯುಧದೊಂದಿಗೆ ಕರೆತರಬೇಕೆಂದು ಒಂದು ಪಟ್ಟಿ ಬರೆಸಿದ. ಅದರ ಒಟ್ಟು ಲೆಕ್ಕ 5,514 ಜನ. ಅವರಲ್ಲಿ ಈಟಿಯವರು 3,609, ಕೋವಿಯವರು 321, ಕುದುರೆಯವರು 566, ಧ್ವಜ ಹಿಡಿಯುವವರು 368, ಮಿಕ್ಕ 650 ಮಂದಿ ಗೊತ್ತುಪಡಿಸಿದ ಆಯುಧವಿಲ್ಲದ ಕಾಲಾಳುಗಳು. ಸುಮಾರು ಮೂರರಲ್ಲಿ ಎರಡು ಪಾಲು ಈಟಿಯೇ ಆಯಿತು. ಆದರೆ ಈ ಪಟ್ಟಿಯಲ್ಲಿ ನನ್ನ ಗಮನ ಸೆಳೆಯುವುದು ಆ ದೊಡ್ಡ ಸಂಖ್ಯೆಯಲ್ಲ, ಇಲ್ಲದಿರುವ ಒಂದು ಸಾಲು: ಕತ್ತಿಯವರು ಎಂಬ ವರ್ಗವೇ ಅಲ್ಲಿಲ್ಲ. ಕತ್ತಿ ಇರಲಿಲ್ಲವೆಂದಲ್ಲ, ಅದು ಹೆಚ್ಚುಕಡಿಮೆ ಎಲ್ಲರ ಸೊಂಟದಲ್ಲೂ ಇತ್ತು, ಆದ್ದರಿಂದ ಅದನ್ನು ಎಣಿಸುವ ಅಗತ್ಯ ಬರಲಿಲ್ಲ. ಈಟಿ ಸಮುರಾಯ್ ಮತ್ತು ಕತ್ತಿ ಸಮುರಾಯ್ ಎಂಬ ವಿಭಜನೆ ಮಾಡಿದವರು ನಾವು, ಗೇಮ್ ತಯಾರಿಸುವವರು. ವಾಸ್ತವದಲ್ಲಿ ಅವರಿಬ್ಬರೂ ಒಬ್ಬನೇ ಮನುಷ್ಯ; ಕೈಯಲ್ಲಿದ್ದ ಈಟಿ ಮುರಿದಾಗ, ಕಳೆದುಹೋದಾಗ ಅಥವಾ ಜಾಗ ಸಾಲದಾದಾಗ ಅವನು ಸೊಂಟಕ್ಕೆ ಕೈ ಹಾಕುತ್ತಿದ್ದ.

ಈಟಿಯಲ್ಲೂ ಎರಡು ಬಗೆ ಇತ್ತು, ಅವನ್ನು ಬೆರೆಸಬಾರದು. ಅಶಿಗಾರು ಎಂದು ಕರೆಯುತ್ತಿದ್ದ ಸಾಮಾನ್ಯ ಕಾಲಾಳುಗಳ ಕೈಯಲ್ಲಿದ್ದದ್ದು ಉದ್ದ ಹಿಡಿಯ ಭರ್ಜಿ. ಆ ಕಾಲದ ಪ್ರಬಲ ಸೇನಾಧಿಪತಿ ಓಡಾ ನೊಬುನಾಗಾ ತನ್ನ ಜನರಿಗೆ ಮೂರೂವರೆ ಕೆನ್, ಅಂದರೆ 6 ಮೀಟರಿಗೂ ಮೀರಿದ ಉದ್ದದ ಭರ್ಜಿಗಳನ್ನು ಕೊಡಿಸಿದ್ದ. ಇಷ್ಟುದ್ದದ ಗಳುವನ್ನು ಒಬ್ಬನೇ ಹಿಡಿದು ಚುಚ್ಚಾಡುವುದು ಕಷ್ಟ. ಸಾಲಾಗಿ ನಿಂತು, ಎಲ್ಲರೂ ಒಟ್ಟಿಗೆ ಮೇಲೆತ್ತಿ, ಎದುರಾಳಿಯ ತಲೆ, ಹೆಗಲು, ಭರ್ಜಿಗಳ ಮೇಲೆ ಬಡಿಯುವುದು ಅದರ ಮುಖ್ಯ ಉಪಯೋಗವಾಗಿತ್ತು. ಸಮುರಾಯ್ ಹಿಡಿಯುತ್ತಿದ್ದದ್ದು ಎರಡು ಮೂರು ಮೀಟರಿನ ಕೈ ಈಟಿ. ಇದು ಒಬ್ಬೊಬ್ಬನ ಪರಾಕ್ರಮದ ಆಯುಧ. ಶತ್ರುವಿನ ಸಾಲಿಗೆ ಮೊದಲು ಈಟಿ ತಾಗಿಸಿದವನಿಗೆ ಇಚಿಬಾನ್ ಯಾರಿ, ಅಂದರೆ ಮೊದಲ ಈಟಿ ಎಂಬ ಗೌರವ ಸಲ್ಲುತ್ತಿತ್ತು. 1583ರ ಶಿಜುಗತಾಕೆ ಕದನದಲ್ಲಿ ಮೆರೆದ, ಸೇನಾಧಿಪತಿ ಹಿದೆಯೊಶಿಯ ಏಳು ಜನ ಯುವಕರು ಇಂದಿಗೂ ಶಿಜುಗತಾಕೆಯ ಏಳು ಈಟಿಗಳೆಂದೇ ಪ್ರಸಿದ್ಧರು, ಏಳು ಕತ್ತಿಗಳೆಂದಲ್ಲ.

ಹಾಗಾದರೆ ಕತ್ತಿ ಏನು ಮಾಡುತ್ತಿತ್ತು? 16ನೆಯ ಶತಮಾನದ ಕವಚದ ಮೇಲೆ ಬೀಸಿದ ಕತ್ತಿ ಹೆಚ್ಚೇನೂ ಸಾಧಿಸುವುದಿಲ್ಲ. ಕಂಕುಳು, ಗಂಟಲು, ತೊಡೆಯ ಒಳಭಾಗದಂತಹ ಸಂದುಗಳನ್ನು ಹುಡುಕಬೇಕು, ಅಷ್ಟು ಹತ್ತಿರ ಬಂದ ಮೇಲೆ ಕಾದಾಟ ಎಷ್ಟೋ ಸಲ ಕುಸ್ತಿಯಾಗಿ, ಕಡೆಗೆ ಕಿರುಗತ್ತಿಯಲ್ಲಿ ಮುಗಿಯುತ್ತಿತ್ತು. 1560ರ ಒಕೆಹಜಾಮಾ ಕದನದಲ್ಲಿ ನೊಬುನಾಗಾ ಬಿರುಮಳೆಯ ಬೆನ್ನಿಗೇ ಎದುರಾಳಿ ಒಡೆಯ ಇಮಗಾವಾ ಯೊಶಿಮೊತೊನ ಪಾಳೆಯದ ಮೇಲೆ ಬಿದ್ದಾಗ, ಹತ್ತೋರಿ ಕೊಹೈತಾ ಎಂಬವನು ಯೊಶಿಮೊತೊನ ಮೇಲೇರಿ ಹೋದ. ಪರಂಪರೆ ಅವನ ಕೈಗೆ ಈಟಿ ಕೊಡುತ್ತದೆ. ಯೊಶಿಮೊತೊ ಕತ್ತಿಯಿಂದ ಅವನ ಮಂಡಿಯನ್ನು ಕಡಿದು ಕೆಡವಿದ. ಅಷ್ಟರಲ್ಲಿ ಮೋರಿ ಶಿನ್‌ಸುಕೆ ಬಂದು ಯೊಶಿಮೊತೊನನ್ನು ಉರುಳಿಸಿ ತಲೆ ತೆಗೆದ. ವ್ಯೂಹ ಒಡೆದು, ಸಾಲು ಎಂಬುದೇ ಇಲ್ಲದೆ, ತೋಳಳತೆಯೊಳಗೆ ಬಂದ ಮೇಲೆ ಕತ್ತಿಗೆ ಕೆಲಸ ಸಿಕ್ಕಿತು ಎಂಬುದನ್ನು ಗಮನಿಸಿ. ಕತ್ತಿಯೇ ಸಮುರಾಯ್‌ನ ಆತ್ಮ ಎಂಬ ನಮ್ಮ ಕಲ್ಪನೆ ಬಹುಪಾಲು 1603ರ ನಂತರದ ಎದೊ ಕಾಲದ್ದು; ಯುದ್ಧ ನಿಂತು, ಈಟಿ ಮನೆಯ ಗೋಡೆ ಸೇರಿ, ಎರಡು ಕತ್ತಿ ಕಟ್ಟುವುದು ಅಂತಸ್ತಿನ ಗುರುತಾದಾಗ ಬೆಳೆದದ್ದು.

ಈಗ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಈಟಿಯ ಬಲ ಇರುವುದು ಸಾಲಿನ ಶಿಸ್ತಿನಲ್ಲಿ, ಕತ್ತಿಯ ಬಲ ಇರುವುದು ಆ ಶಿಸ್ತು ಮುರಿದಾಗ. ಇವು ಪರಸ್ಪರ ಎದುರಾಳಿಗಳಲ್ಲ, ಒಂದೇ ಕದನದ ಎರಡು ಹಂತಗಳು. ನಿಮ್ಮ ಆಟದಲ್ಲಿ ಸಾಲಿನ ಶಿಸ್ತನ್ನು ಅಳೆಯುವ ಒಂದು ಅಂಕವಿಲ್ಲದಿದ್ದರೆ, ಈ ಎರಡು ದಳಗಳ ವ್ಯತ್ಯಾಸವನ್ನು ಹಿಡಿದಿಡಲು ಬೇರೆ ಯಾವ ಅಂಕದಿಂದಲೂ ಆಗದು.

ಹಿಂದಿನ ಗೇಮ್‌ಗಳು ಇದನ್ನು ಹೇಗೆ ನಿಭಾಯಿಸಿದವು ಎಂಬುದು ಪಾಠ ಹೇಳುತ್ತದೆ. 2000ದಲ್ಲಿ ಬಂದ ಮೊದಲ ಶೋಗನ್: ಟೋಟಲ್ ವಾರ್‌ನಲ್ಲಿ ಕಟಾನಾ (ಜಪಾನಿ ಕತ್ತಿ) ಸಮುರಾಯ್ ಎಂಬ ದಳವೇ ಇರಲಿಲ್ಲ, ಕತ್ತಿಯ ಪಾತ್ರವನ್ನು ಉದ್ದಗತ್ತಿಯ ನೊದಾಚಿ ದಳ ವಹಿಸಿತ್ತು. 2011ರ ಶೋಗನ್ 2ರಲ್ಲಿ ಕಟಾನಾ ಸಮುರಾಯ್ ಬಂದರು, ಕತ್ತಿ ಈಟಿಯನ್ನು, ಈಟಿ ಕುದುರೆಯನ್ನು, ಕುದುರೆ ಕತ್ತಿಯನ್ನು ಸೋಲಿಸುವ ಕಲ್ಲು ಕಾಗದ ಕತ್ತರಿಯ ಚಕ್ರವೂ ಬಂತು. ಆದರೆ ಅಲ್ಲಿ ಸ್ವಾರಸ್ಯವಿರುವುದು ಈ ಚಕ್ರದಲ್ಲಲ್ಲ, ಅದನ್ನು ಮುರಿಯುವ ಒಂದು ಗುಂಡಿಯಲ್ಲಿ: ಅಗ್ಗದ ಈಟಿ ಅಶಿಗಾರುಗಳು ಯಾರಿ ವಾಲ್ ಎಂಬ ಬಿಗಿ ಸಾಲು ಕಟ್ಟಿ ನಿಂತರೆ, ಎದುರಿನಿಂದ ಬರುವ ದುಬಾರಿ ಕಟಾನಾ ಸಮುರಾಯ್‌ಗಳನ್ನೂ ತಡೆಯಬಲ್ಲರು. ಈಟಿ ಸಮುರಾಯ್‌ಗೆ ಈ ಸಾಲು ಕಟ್ಟುವ ಸೌಲಭ್ಯವಿಲ್ಲ. ಅವರಿಗೆ ಕೊಟ್ಟದ್ದು ವೇಗವಾಗಿ ಮುನ್ನುಗ್ಗುವ ಶಕ್ತಿ. ಪರಿಣಾಮವಾಗಿ ಅನುಭವಿ ಆಟಗಾರರಲ್ಲಿ ಅನೇಕರು ತಡೆಯಲು ಅಶಿಗಾರು, ಹೊಡೆಯಲು ಕಟಾನಾ ಎಂದು ಲೆಕ್ಕ ಹಾಕಿ ಈಟಿ ಸಮುರಾಯ್‌ಗಳನ್ನು ಕೈಬಿಟ್ಟರು. ನಿಮ್ಮ ಸಮಸ್ಯೆಯೂ ಇದೇ ಜಾತಿಯದು.

ಏಜ್ ಆಫ್ ಎಂಪೈರ್ಸ್ 2ರ ದಾರಿ ಬೇರೆ. ಅಲ್ಲಿ ಈಟಿಗಾರನಿಗೆ 35 ಆಹಾರ, 25 ಮರ ಸಾಕು, ಚಿನ್ನ ಬೇಡ. ಜಪಾನೀಯರ ಸಮುರಾಯ್‌ಗೆ ಚಿನ್ನ ಬೇಕು. ಕದನ ದೀರ್ಘವಾಗಿ ಚಿನ್ನದ ಗಣಿಗಳು ಬರಿದಾದ ಮೇಲೆ ಈಟಿಗಾರನ ಬೆಲೆ ತಾನಾಗಿ ಏರುತ್ತದೆ. ಎರಡು ದಳಗಳನ್ನು ಹೊಡೆದಾಟದಲ್ಲಿ ಸರಿದೂಗಿಸುವ ಬದಲು ಖಜಾನೆಯಲ್ಲಿ ಬೇರ್ಪಡಿಸುವ ಈ ಉಪಾಯ ಜಾಣತನದ್ದೇ. ಆದರೆ ಸಂಪನ್ಮೂಲ ಸಂಗ್ರಹವಿಲ್ಲದ ಆಟಕ್ಕೆ ಅದು ಒದಗುವುದಿಲ್ಲ.

ನಿಮ್ಮ ಆಟಕ್ಕೆ ನಾನು ಸೂಚಿಸುವುದು ಹೀಗೆ. ಪ್ರತಿ ದಳಕ್ಕೂ ಬಿಗಿ ಎಂಬ ಒಂದು ಅಂಕ ಕೊಡಿ. ಸಾಲು ಪೂರ್ತಿ ಕಟ್ಟಿ ನಿಂತಾಗ ಅದು 1, ಚದುರಿ ಹೋದಾಗ 0. ಈಟಿ ದಳದ ದಾಳಿಯನ್ನು 6 ಎಂದಿಟ್ಟು ಅದಕ್ಕೆ ಬಿಗಿಯ 8 ಪಟ್ಟನ್ನು ಕೂಡಿಸಿ. ಕತ್ತಿಯ ದಾಳಿಯನ್ನು ಬಿಗಿ ಎಷ್ಟೇ ಇದ್ದರೂ 10 ಎಂದೇ ಇಡಿ. ಆಗ ಸಾಲು ಗಟ್ಟಿಯಾಗಿರುವಾಗ ಈಟಿ 14ರಲ್ಲಿ ಹೊಡೆಯುತ್ತದೆ, ಬಿಗಿ ಅರ್ಧಕ್ಕಿಳಿದಾಗ ಎರಡೂ 10ರಲ್ಲಿ ಸಮನಾಗುತ್ತವೆ, ಸಾಲು ಕರಗಿದರೆ ಈಟಿ 6ಕ್ಕೆ ಕುಸಿಯುತ್ತದೆ. ಈ ಸಂಖ್ಯೆಗಳಿಗೆ ಯಾವ ಪಾವಿತ್ರ್ಯವೂ ಇಲ್ಲ, ನಿಮ್ಮ ಪ್ರಾಣಾಂಕಕ್ಕೆ (ದಳ ಎಷ್ಟು ಪೆಟ್ಟು ತಾಳುತ್ತದೆ ಎಂಬ ಅಂಕಕ್ಕೆ) ತಕ್ಕಂತೆ ಬದಲಿಸಿಕೊಳ್ಳಿ. ಎರಡು ಗೆರೆಗಳು ಎಲ್ಲೋ ಒಂದು ಕಡೆ ಒಂದನ್ನೊಂದು ದಾಟಬೇಕು, ಅಷ್ಟೇ ಮುಖ್ಯ. ಈಗ ನಿಮ್ಮ ಆಟಗಾರ ಯಾವ ದಳ ಬಲಿಷ್ಠ ಎಂದು ಕೇಳುವುದನ್ನು ಬಿಟ್ಟು, ಎದುರಾಳಿಯ ಸಾಲನ್ನು ಅರ್ಧಕ್ಕಿಂತ ಕೆಳಗೆ ಇಳಿಸುವುದು ಹೇಗೆ, ಇಳಿದ ಕ್ಷಣಕ್ಕೆ ಸರಿಯಾಗಿ ನನ್ನ ಕತ್ತಿಯವರು ಎಲ್ಲಿರಬೇಕು ಎಂದು ಕೇಳಲು ತೊಡಗುತ್ತಾನೆ.

ಬಿಗಿಯನ್ನು ಇಳಿಸುವ ಕಾರಣಗಳನ್ನು ನೆಲದ ಮೇಲಿನ ಅನುಭವದಿಂದಲೇ ಆರಿಸಿಕೊಳ್ಳಿ. ಓಡಿದರೆ ಸಾಲು ಸಡಿಲವಾಗುತ್ತದೆ. ನೀರು ನಿಂತ ಭತ್ತದ ಗದ್ದೆ, ಕಾಡು, ಬೆಟ್ಟದ ಇಳಿಜಾರು ಅದನ್ನು ಇನ್ನಷ್ಟು ಕೆಡಿಸುತ್ತವೆ. ಜಪಾನಿನ ನೆಲದಲ್ಲಿ ಸುಮಾರು ಮುಕ್ಕಾಲು ಪಾಲು ಬೆಟ್ಟಗುಡ್ಡವೇ ಆದ್ದರಿಂದ ಇದು ಸಣ್ಣ ಸಂಗತಿಯಲ್ಲ. ಪಾರ್ಶ್ವದಿಂದ ಬಿದ್ದ ದಾಳಿ ಬಿಗಿಯನ್ನು ಒಮ್ಮೆಲೇ ಅರ್ಧ ಮಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಬಾಣ ಮತ್ತು ಗುಂಡಿನ ಮಳೆ ಕೊಲ್ಲುವುದಕ್ಕಿಂತ ಹೆಚ್ಚಾಗಿ ಸಾಲನ್ನು ಕದಡಬೇಕು. ಹಾಗೆ ಮಾಡಿದರೆ ಬಿಲ್ಲುಗಾರರೂ ಕೋವಿಯವರೂ ಕತ್ತಿ ದಳದ ಸಹಜ ಜೊತೆಗಾರರಾಗುತ್ತಾರೆ, ಮೂರು ದಳಗಳ ನಡುವೆ ನೀವು ಬೇರೆ ಯಾವ ಕೃತಕ ನಂಟನ್ನೂ ಕಲ್ಪಿಸಬೇಕಾಗುವುದಿಲ್ಲ. ಬಿಗಿ ತೀರಾ ಇಳಿದಾಗ ಈಟಿ ಸಮುರಾಯ್ ತಾನಾಗಿ ಈಟಿ ಬಿಸಾಡಿ ಕತ್ತಿ ಹಿರಿಯುವಂತೆ ಮಾಡಿ, ದಾಳಿಯನ್ನು 8ಕ್ಕೆ ನಿಲ್ಲಿಸಿ; ಆಟದಲ್ಲಿ ಅಗ್ಗದ ಅಶಿಗಾರು ದಳವನ್ನೂ ಸೇರಿಸಿದರೆ ಅದಕ್ಕೆ ಈ ಸೌಲಭ್ಯ ಕೊಡಬೇಡಿ. ಒಬ್ಬನೇ ಮನುಷ್ಯ ಎರಡು ಆಯುಧ ಎಂಬ ಚಾರಿತ್ರಿಕ ಸತ್ಯವೂ ಆಟದೊಳಗೆ ಬರುತ್ತದೆ, ಅಶಿಗಾರು ಇರುವಾಗ ಹೆಚ್ಚು ಹಣ ಕೊಟ್ಟು ಈಟಿ ಸಮುರಾಯ್‌ನನ್ನು ಏಕೆ ಕೊಳ್ಳಬೇಕು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಇದರ ಜೊತೆಗೆ ಮೊದಲ ಈಟಿಯ ಗೌರವವನ್ನು ನೆನೆದು, ಅವರ ಮೊದಲ ತಾಗುವಿಕೆಗೆ ಮಾತ್ರ ಎದುರಾಳಿಯ ಧೈರ್ಯ ಕುಗ್ಗಿಸುವ ಒಂದು ಪರಿಣಾಮ ಸೇರಿಸಬಹುದು.

ಇನ್ನೊಂದು ದೋಷ ನಿಮ್ಮ ಅಂಕಪಟ್ಟಿಯಲ್ಲಲ್ಲ, ಗೇಮ್ ಎಂಜಿನ್‌ನಲ್ಲೇ, ಅಂದರೆ ಆಟವನ್ನು ನಡೆಸುವ ತಂತ್ರಾಂಶದಲ್ಲೇ ಅಡಗಿರುವ ಸಾಧ್ಯತೆಯಿದೆ. ಸೈನಿಕನೊಬ್ಬ ಎದುರಾಳಿಯೊಬ್ಬನನ್ನು ಆರಿಸಿಕೊಂಡು ಜೋಡಿಯಾಗಿ ಕಾದಾಡುವಂತೆ ಎಂಜಿನ್ ಬರೆದಿದ್ದರೆ, ಕದನವೆಂಬುದು ನೂರಾರು ದ್ವಂದ್ವಯುದ್ಧಗಳ ಮೊತ್ತವಾಗಿಬಿಡುತ್ತದೆ. ದ್ವಂದ್ವವಾದರೆ ಅದು ಕತ್ತಿಯ ಮನೆಯಂಗಳ. ಈಟಿಯ ನಿಜವಾದ ಲಾಭ ಜಾಗದ ಲೆಕ್ಕದಲ್ಲಿದೆ: ಕತ್ತಿ ಬೀಸುವವನಿಗೆ ಅಕ್ಕಪಕ್ಕ ಜಾಗ ಬೇಕು, ಈಟಿಯವರು ಹೆಗಲಿಗೆ ಹೆಗಲು ಹಚ್ಚಿ ನಿಲ್ಲಬಲ್ಲರು, ಜೊತೆಗೆ ಎರಡನೆಯ ಸಾಲಿನ ಈಟಿಯೂ ಮೊದಲ ಸಾಲನ್ನು ದಾಟಿ ಮುಂದಕ್ಕೆ ಚಾಚುತ್ತದೆ. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಕ್ರಿಸ್ತಪೂರ್ವ 2ನೆಯ ಶತಮಾನದಲ್ಲೇ ಈ ಲೆಕ್ಕ ಹಾಕಿ, ಮೆಸಿಡೋನಿಯಾದ ಸಾಲಿನೆದುರು ನಿಂತ ಒಬ್ಬ ರೋಮನ್ ಖಡ್ಗಧಾರಿ ಹತ್ತು ಭರ್ಜಿಯ ಮೊನೆಗಳನ್ನು ಎದುರಿಸಬೇಕಾಗುತ್ತದೆ ಎಂದು ಬರೆದ. ಅದೇ ಸಾಲು ಏರುತಗ್ಗಿನ ನೆಲದಲ್ಲಿ ಒಡೆದುಹೋಗುತ್ತದೆ ಎಂದೂ ಅವನೇ ಬರೆದ. ಜಪಾನಿನ ಸಾಲು ಅಷ್ಟು ದಟ್ಟವಾಗಿರದಿದ್ದರೂ ತತ್ತ್ವ ಅದೇ. ಆದ್ದರಿಂದ ಬಿಗಿ ಅರ್ಧಕ್ಕಿಂತ ಹೆಚ್ಚಿರುವವರೆಗೆ ಈಟಿ ದಳದ ಮೊದಲ ಎರಡು ಸಾಲುಗಳು ಒಬ್ಬನನ್ನೇ ಗುರಿಯಾಗಿಸಿ ಹೊಡೆಯಲು ಅನುಮತಿ ಕೊಡಿ. ನಾನು ಬಲ್ಲಂತೆ, ದಾಳಿ ಅಂಕ ಎಷ್ಟು ಏರಿಸಿದರೂ ಸರಿಹೋಗದ ಈಟಿ ದಳಗಳು ಈ ಒಂದು ಬದಲಾವಣೆಯಿಂದ ಜೀವ ತಳೆಯುತ್ತವೆ. ಇದನ್ನು ಸೇರಿಸಿದ ಮೇಲೆ ಮೇಲೆ ಹೇಳಿದ 14ನ್ನು 12ಕ್ಕೆ ಇಳಿಸಬೇಕಾಗಿ ಬಂದರೆ ಆಶ್ಚರ್ಯಪಡಬೇಡಿ.

ಬೆಲೆಯ ವಿಷಯ. ಎರಡಕ್ಕೂ ಒಂದೇ ಬೆಲೆ ಇರಲೇಬೇಕೆಂದಿಲ್ಲ, ಆದರೆ ಬೆಲೆಯನ್ನು ನಿರ್ಧರಿಸುವುದು ದಳವಲ್ಲ, ನಕ್ಷೆ ಎಂಬುದು ನೆನಪಿರಲಿ. ಐದು ಅಶಿಗಾರು ದಳಗಳ ಹಣಕ್ಕೆ ಎರಡು ಕತ್ತಿ ಸಮುರಾಯ್ ದಳಗಳು ಬರುತ್ತವೆ ಎಂದಿಟ್ಟುಕೊಳ್ಳಿ. ಸೇತುವೆ, ಕೋಟೆಬಾಗಿಲಿನಂತಹ ಇಕ್ಕಟ್ಟಿನಲ್ಲಿ ಒಂದು ಸಲಕ್ಕೆ ಕೆಲವರೇ ಎದುರಾಗುವುದರಿಂದ, ಒಬ್ಬ ಸಮುರಾಯ್ ಎರಡೂವರೆ ಅಶಿಗಾರುಗಳಿಗೆ ಸಮನಾದರೆ ಸಾಕು, ತಕ್ಕಡಿ ನೇರವಾಗುತ್ತದೆ. ಬಯಲಿನಲ್ಲಿ ಹೆಚ್ಚುವರಿ ದಳಗಳು ಸುತ್ತುವರಿಯುತ್ತವೆ. ಬ್ರಿಟನ್ನಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಮೊದಲ ಮಹಾಯುದ್ಧದ ಕಾಲದಲ್ಲಿ ತೋರಿಸಿದಂತೆ, ಎಲ್ಲರೂ ಎಲ್ಲರ ಮೇಲೂ ದಾಳಿ ಮಾಡಬಲ್ಲ ಸ್ಥಿತಿಯಲ್ಲಿ ಸಂಖ್ಯೆಯ ಬಲ ವರ್ಗದ ಲೆಕ್ಕದಲ್ಲಿ, ಅಂದರೆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಷ್ಟು ಬೆಳೆಯುತ್ತದೆ. ಆ ತುದಿಯಲ್ಲಿ ಅದೇ ಸಮುರಾಯ್ 6.25 ಅಶಿಗಾರುಗಳಿಗೆ ಸಮನಾಗಬೇಕಾಗುತ್ತದೆ. ಕೈಕೈ ಕಾದಾಟ ಈ ಎರಡು ತುದಿಗಳ ನಡುವೆ ಎಲ್ಲೋ ಇರುತ್ತದೆ. ನಿಮ್ಮ ನಕ್ಷೆಗಳೆಲ್ಲ ಬಯಲಾಗಿದ್ದರೆ ಅಗ್ಗದ ಈಟಿಯೂ, ಎಲ್ಲವೂ ಕೋಟೆಯಾಗಿದ್ದರೆ ದುಬಾರಿ ಕತ್ತಿಯೂ ಗೆಲ್ಲುತ್ತವೆ. ಯಾವ ಬೆಲೆಪಟ್ಟಿಯೂ ಅದನ್ನು ತಪ್ಪಿಸಲಾರದು.

ಕುದುರೆಯ ಮೇಲಿನ ಹೆಚ್ಚುವರಿ ಅಂಕದ ಬಗ್ಗೆ ಒಂದೇ ಮಾತು. ಈಟಿಯ ಬೆಲೆಯನ್ನೆಲ್ಲ ಅದಕ್ಕೆ ನೇತುಹಾಕಬೇಡಿ. ಉಯೆಸುಗಿ ಪಟ್ಟಿಯಲ್ಲಿ ಕುದುರೆಯವರು ಹತ್ತರಲ್ಲಿ ಒಬ್ಬರು. ಪೋರ್ಚುಗೀಸ್ ಪಾದ್ರಿ ಲೂಯಿಸ್ ಫ್ರೋಯಿಸ್, ಯುರೋಪಿನವರು ಕುದುರೆಯ ಮೇಲೆ ಕಾದಾಡಿದರೆ ಜಪಾನೀಯರು ಕಾದಾಡಬೇಕಾದಾಗ ಕುದುರೆ ಇಳಿಯುತ್ತಾರೆ ಎಂದು ಬರೆದಿದ್ದಾನೆ. ಎದುರಾಳಿ ಕುದುರೆ ಕೊಳ್ಳದ ದಿನ ನಿಮ್ಮ ಈಟಿ ದಳ ನಿರುಪಯೋಗಿಯಾದರೆ, ಅದು ಆಯ್ಕೆಯಲ್ಲ, ಜೂಜು.

ಕತ್ತಿಗೆ ನಿಜವಾಗಿಯೂ ಹೆದರಿದವರ ಅನುಭವವೂ ನಿಮಗೆ ಉಪಯುಕ್ತ. 16ನೆಯ ಶತಮಾನದಲ್ಲಿ ಚೀನಾದ ಝೆಜಿಯಾಂಗ್ ಕರಾವಳಿಯ ಮೇಲೆ ಬೀಳುತ್ತಿದ್ದ ಕಡಲ್ಗಳ್ಳರ ಕೈಯಲ್ಲಿ ಜಪಾನಿನ ಉದ್ದಗತ್ತಿಗಳಿದ್ದವು. ಹೊಸದಾಗಿ ಸೇರಿದ, ಸಾಲಿನಲ್ಲಿ ನಿಲ್ಲಲು ಬಾರದ ಮಿಂಗ್ ಸೈನಿಕರು (ಆಗ ಚೀನಾವನ್ನು ಆಳುತ್ತಿದ್ದ ರಾಜವಂಶದ ಸೈನಿಕರು) ಉದ್ದ ಆಯುಧ ಹಿಡಿದೂ ಅವರೆದುರು ಚದುರಿಹೋಗುತ್ತಿದ್ದರು. ಸೇನಾನಿ ಚಿ ಜಿಗುವಾಂಗ್ ಇದಕ್ಕೆ ಕಂಡುಕೊಂಡ ಪರಿಹಾರ ಇನ್ನಷ್ಟು ಹರಿತವಾದ ಈಟಿಯಲ್ಲ, ಹನ್ನೆರಡು ಜನರ ಒಂದು ಮಿಶ್ರ ತಂಡ: ಒಬ್ಬ ನಾಯಕ, ಇಬ್ಬರು ಗುರಾಣಿಯವರು, ಕೊಂಬೆಗಳನ್ನು ಬಿಟ್ಟುಕೊಂಡ ಉದ್ದ ಬಿದಿರು ಹಿಡಿದು ಕತ್ತಿಯನ್ನು ತಡೆಯುವ ಇಬ್ಬರು, ನಾಲ್ವರು ಈಟಿಗಾರರು, ಇಬ್ಬರು ತ್ರಿಶೂಲದಂತಹ ಆಯುಧದವರು, ಒಬ್ಬ ಅಡುಗೆಯವ. ಈಟಿ ಕೊಲ್ಲುವ ಕೆಲಸ ಮಾಡಿತು, ಆದರೆ ಕತ್ತಿ ಹತ್ತಿರ ಬಾರದಂತೆ ಬೇರೆಯವರು ನೋಡಿಕೊಂಡಿದ್ದರಿಂದ ಮಾಡಿತು. ತರಬೇತಿಯಿಲ್ಲದ ಈಟಿ ದಳದ ಬಿಗಿ ಬೇಗ ಕರಗಬೇಕು, ಅನುಭವ ಪಡೆದಂತೆ ನಿಧಾನವಾಗಿ ಕರಗಬೇಕು ಎಂಬ ನಿಯಮವನ್ನು ಇಲ್ಲಿಂದ ಎತ್ತಿಕೊಳ್ಳಬಹುದು.

ಪರೀಕ್ಷೆ ಮಾಡುವಾಗ ಈಟಿಯೊಂದನ್ನು ಕತ್ತಿಯೊಂದರೆದುರು ನಿಲ್ಲಿಸಿ ನೂರು ಸಲ ಹೊಡೆದಾಡಿಸಿ ಐವತ್ತಕ್ಕೆ ಐವತ್ತು ಬರಲಿ ಎಂದು ಕಾಯಬೇಡಿ. ಆ ಫಲಿತಾಂಶ ನಿಮ್ಮನ್ನು ಮೊದಲಿದ್ದ ಜಾಗಕ್ಕೇ ಕರೆತರುತ್ತದೆ. ಬಯಲು, ಗದ್ದೆ, ಕೋಟೆಯೊಳಗಿನ ಓಣಿ ಎಂಬ ಮೂರು ನಕ್ಷೆ ಇಟ್ಟುಕೊಂಡು, ಬಯಲಿನಲ್ಲಿ ಈಟಿ ಸ್ಪಷ್ಟವಾಗಿ, ಓಣಿಯಲ್ಲಿ ಕತ್ತಿ ಸ್ಪಷ್ಟವಾಗಿ ಗೆಲ್ಲುತ್ತದೆಯೇ ನೋಡಿ, ಗದ್ದೆಯ ಫಲಿತಾಂಶ ಆಟಗಾರನ ಕೈಚಳಕದ ಮೇಲೆ ನಿಲ್ಲುತ್ತದೆಯೇ ನೋಡಿ. ನಂತರ ಯಾವ ಸೂಚನೆಯನ್ನೂ ಕೊಡದೆ ಗೆಳೆಯರಿಗೆ ಸೈನ್ಯ ಕೊಳ್ಳಲು ಬಿಡಿ. ಒಬ್ಬನೇ ಆಟಗಾರ ಒಂದೇ ಸೈನ್ಯದಲ್ಲಿ ಎರಡನ್ನೂ ಕೊಳ್ಳುತ್ತಿದ್ದರೆ ನಿಮ್ಮ ಕೆಲಸ ದಾರಿಗೆ ಬಂದಿದೆ. ಅರ್ಧ ಜನ ಬರಿಯ ಈಟಿ, ಅರ್ಧ ಜನ ಬರಿಯ ಕತ್ತಿ ಕೊಳ್ಳುತ್ತಿದ್ದರೆ ಸರಾಸರಿ ಎಷ್ಟೇ ಚೆನ್ನಾಗಿ ಕಂಡರೂ ಬಂದಿಲ್ಲ.

ಕಂಪ್ಯೂಟರ್ ಎದುರಾಳಿಗೆ ಮಾತ್ರ ನೀವು ಬೇರೆಯಾಗಿ ಬುದ್ಧಿ ಹೇಳಬೇಕು. ಅದು ಸಾಲನ್ನು ಕಾಪಾಡುವುದಿಲ್ಲ. ಓಡುವ ಶತ್ರುವನ್ನು ಕಂಡರೆ ಈಟಿ ದಳವನ್ನೂ ಬೆನ್ನಟ್ಟಲು ಬಿಡುತ್ತದೆ, ಎರಡೇ ನಿಮಿಷದಲ್ಲಿ ಬಿಗಿ ಸೊನ್ನೆಯಾಗುತ್ತದೆ. ಒಕೆಹಜಾಮಾದಲ್ಲಿ ನೊಬುನಾಗಾ ತನ್ನವರಿಗೆ, ಬಿದ್ದವರ ತಲೆ ತೆಗೆಯುತ್ತ ನಿಲ್ಲಬೇಡಿ, ಕಡಿದು ಹಾಗೇ ಬಿಟ್ಟು ಮುಂದೆ ನಡೆಯಿರಿ ಎಂದು ಆಜ್ಞೆ ಮಾಡಬೇಕಾಗಿ ಬಂದಿತ್ತು. ನಿಮ್ಮ ಕಂಪ್ಯೂಟರ್ ಸೇನಾಪತಿಗೂ ಅಂಥದೇ ಆಜ್ಞೆ ಬೇಕು: ಸಾಲು ಅರ್ಧಕ್ಕಿಳಿದ ಈಟಿ ದಳ ಹತ್ತು ಹೆಜ್ಜೆ ಹಿಂದೆ ಸರಿದು ಮತ್ತೆ ಕಟ್ಟಿಕೊಳ್ಳಲಿ, ಬೆನ್ನಟ್ಟುವ ಕೆಲಸವನ್ನು ಕತ್ತಿಯವರು ಮಾಡಲಿ. ಇದನ್ನು ಬರೆಯುವ ಮೊದಲು ಯಾವ ಅಂಕವನ್ನೂ ಮುಟ್ಟಬೇಡಿ, ಏಕೆಂದರೆ ಅಲ್ಲಿಯವರೆಗೆ ನೀವು ಅಳೆಯುತ್ತಿರುವುದು ಈಟಿಯ ದೌರ್ಬಲ್ಯವನ್ನಲ್ಲ, ಸೇನಾಪತಿಯ ದಡ್ಡತನವನ್ನು.